ಹಳ್ಳಿಯ ಪಬ್ಬಿನ ‘ಒಡೆಯ’: ಒಬ್ಬನೇ ಪೂರೈಕೆದಾರನಿಗೆ ಕಟ್ಟುಬಿದ್ದ ವ್ಯಾಪಾರದ ಇತಿಹಾಸ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ಬನ್ನು ನಡೆಸುವ ವ್ಯಕ್ತಿಯನ್ನು ಜನರು ಇಂದಿಗೂ ‘ಲ್ಯಾಂಡ್‌ಲಾರ್ಡ್’, ಅಂದರೆ ಮನೆಯೊಡೆಯ, ಎಂದೇ ಸಂಬೋಧಿಸುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುವವನು ಅವನೇ, ಗಿರಾಕಿಗಳ ಯೋಗಕ್ಷೇಮ ವಿಚಾರಿಸುವವನೂ ಅವನೇ. ಆದರೆ ಬಹಳಷ್ಟು ಕಡೆಗಳಲ್ಲಿ ಆ ಕಟ್ಟಡದ ಒಡೆತನ ಬೇರೆಯವರದು. ‘ಒಡೆಯ’ನು ವಾಸ್ತವವಾಗಿ ಬಾಡಿಗೆದಾರ. ಅಷ್ಟೇ ಅಲ್ಲ, ತಾನು ಮಾರುವ ಬಿಯರನ್ನು ಯಾರಿಂದ ಕೊಳ್ಳಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವೂ ಅವನಿಗಿರುವುದಿಲ್ಲ. ಕಟ್ಟಡದ ಮಾಲೀಕನೇ ಸರಕಿನ ಪೂರೈಕೆದಾರನೂ ಆಗಿರುವ ಈ ವ್ಯವಸ್ಥೆಗೆ ಅಲ್ಲಿ ‘ಟೈ’ ಎಂದು ಹೆಸರು. ಡೀಲರ್‌ಶಿಪ್ ಅಥವಾ ಫ್ರಾಂಚೈಸಿ ಕರಾರಿಗೆ ಸಹಿ ಹಾಕಿರುವ, ಹಾಕಲಿರುವ ನಮ್ಮ ಓದುಗರಿಗೆ ಈ ಇತಿಹಾಸ ತೀರ ಅಪರಿಚಿತವೆನಿಸಲಾರದು.

ಆರಂಭದಲ್ಲಿ ಇದು ಮನೆಯ ಉದ್ಯೋಗವಾಗಿತ್ತು. ಮಧ್ಯಯುಗದಲ್ಲಿ ಹಳ್ಳಿಯ ಹೆಂಗಸರೇ ಮಾಲ್ಟಿನಿಂದ ಏಲ್ ಎಂಬ ಪೇಯವನ್ನು ತಯಾರಿಸಿ, ಮನೆಯ ಬಳಕೆಗೆ ಮಿಕ್ಕಿದ್ದನ್ನು ನೆರೆಹೊರೆಯವರಿಗೆ ಮಾರುತ್ತಿದ್ದರು. ಏಲ್ ಸಿದ್ಧವಾದಾಗ ಮನೆಯ ಮುಂದೆ ಒಂದು ಕೋಲನ್ನು ಚಾಚಿ ಅದರ ತುದಿಗೆ ಸೊಪ್ಪಿನ ಕಟ್ಟನ್ನು ಕಟ್ಟುವುದು ರೂಢಿ. ಅದೇ ಅಂದಿನ ನಾಮಫಲಕ. ಬೆಲೆಯ ನಿಯಂತ್ರಣವೂ ಬಹಳ ಹಳೆಯದು. ಹದಿಮೂರನೆಯ ಶತಮಾನದಲ್ಲಿ, ಮೂರನೆಯ ಹೆನ್ರಿಯ ಕಾಲದಲ್ಲಿ ಜಾರಿಗೆ ಬಂದ ಶಾಸನವೊಂದು ಬ್ರೆಡ್ ಮತ್ತು ಏಲ್‌ಗಳ ದರವನ್ನು ಧಾನ್ಯದ ದರಕ್ಕೆ ಜೋಡಿಸಿತು. ಗುಣಮಟ್ಟವನ್ನು ರುಚಿ ನೋಡಿ ಪರೀಕ್ಷಿಸುವ ಅಧಿಕಾರಿಗಳೂ ಇದ್ದರು. 1552ರ ಕಾನೂನು, ಏಲ್ ಮನೆ ನಡೆಸುವವರು ಸ್ಥಳೀಯ ನ್ಯಾಯಾಧಿಕಾರಿಗಳಿಬ್ಬರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಪರವಾನಗಿ ಎಂಬ ಪದ ಈ ವ್ಯಾಪಾರವನ್ನು ಪ್ರವೇಶಿಸಿದ್ದು ಹೀಗೆ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಹಳ್ಳಿಯ ಪಬ್ಬು ಕೇವಲ ಕುಡಿತದ ತಾಣವಾಗಿರಲಿಲ್ಲ. ಶವಪಂಚನಾಮೆಯ ವಿಚಾರಣೆಗಳು, ಪರಸ್ಪರ ಸಹಾಯ ಸಂಘಗಳ ಸಭೆಗಳು, ಹರಾಜುಗಳು ಅಲ್ಲಿಯೇ ನಡೆಯುತ್ತಿದ್ದವು. ಕಾರ್ಮಿಕರ ಕೂಲಿಯನ್ನೂ ಅಲ್ಲಿಯೇ ಬಟವಾಡೆ ಮಾಡುವ ಅನಿಷ್ಟ ಪದ್ಧತಿಯಿತ್ತು. ಅದನ್ನು 1883ರ ಕಾಯಿದೆ ನಿಷೇಧಿಸಿತು. ಪಬ್ಬಿನವನ ಆದಾಯ ಮಾತ್ರ ಅಷ್ಟಕ್ಕಷ್ಟೆ. ಆದ್ದರಿಂದ ಅನೇಕ ಪಬ್ಬಿನೊಡೆಯರು ಕಮ್ಮಾರಿಕೆ, ಬಡಗಿತನ ಅಥವಾ ಬೇಸಾಯವನ್ನೂ ಜೊತೆಗಿಟ್ಟುಕೊಂಡಿರುತ್ತಿದ್ದರು. ಗಂಡ ಕುಲುಮೆಯಲ್ಲಿದ್ದರೆ ಹೆಂಡತಿ ಪಬ್ಬಿನಲ್ಲಿ. ಒಂದೇ ಸರಕನ್ನು ನಂಬಿ ಕುಳಿತವರು ಅಂದು ಕಡಿಮೆ.

1830ರಲ್ಲಿ ವೆಲಿಂಗ್ಟನ್ ಡ್ಯೂಕನ ಸರ್ಕಾರ ಒಂದು ಸಾಹಸಕ್ಕೆ ಕೈಹಾಕಿತು. ಬಿಯರ್ ಮೇಲಿನ ತೆರಿಗೆಯನ್ನು ರದ್ದುಮಾಡಿ, ಸ್ಥಳೀಯ ಕರ ಕಟ್ಟುವ ಯಾವನೇ ಗೃಹಸ್ಥನು ಎರಡು ಗಿನಿ ಶುಲ್ಕ ತೆತ್ತು, ನ್ಯಾಯಾಧಿಕಾರಿಗಳ ಹಂಗಿಲ್ಲದೆ, ಬಿಯರ್ ಮನೆ ತೆರೆಯಬಹುದೆಂದು ಕಾನೂನು ಮಾಡಿತು. ಪೈಪೋಟಿ ಹೆಚ್ಚಿ ದರ ಇಳಿಯಲಿ, ಜನರು ಜಿನ್ ಬಿಟ್ಟು ಬಿಯರಿನತ್ತ ತಿರುಗಲಿ ಎಂಬುದು ಅದರ ಉದ್ದೇಶ. ಮೊದಲ ಕೆಲವು ತಿಂಗಳುಗಳಲ್ಲೇ 20,000ಕ್ಕೂ ಹೆಚ್ಚು, ಎಂಟು ವರ್ಷಗಳಲ್ಲಿ 40,000ಕ್ಕೂ ಹೆಚ್ಚು ಬಿಯರ್ ಮನೆಗಳು ಹುಟ್ಟಿಕೊಂಡವು. ಗದ್ದಲ, ಕುಡುಕತನಗಳ ದೂರುಗಳೂ ಅದೇ ಪ್ರಮಾಣದಲ್ಲಿ ಬೆಳೆದವು. ಕೊನೆಗೆ 1869ರಲ್ಲಿ ಪಾರ್ಲಿಮೆಂಟು ಬಿಯರ್ ಮನೆಗಳನ್ನು ಪುನಃ ನ್ಯಾಯಾಧಿಕಾರಿಗಳ ಪರವಾನಗಿಗೆ ಒಳಪಡಿಸಿತು.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ತಿರುವು ಇಲ್ಲಿದೆ. ಹೊಸ ಪರವಾನಗಿ ದುರ್ಲಭವಾದಾಗ ಹಳೆಯ ಪರವಾನಗಿಯುಳ್ಳ ಕಟ್ಟಡದ ಬೆಲೆ ಏರುವುದು ಸಹಜ. ಬಿಯರ್ ತಯಾರಕರು ಇದನ್ನು ಬೇಗನೆ ಅರಿತರು: ಮಾರುವ ಬಾಗಿಲುಗಳ ಸಂಖ್ಯೆ ಸೀಮಿತವಾಗಿದ್ದರೆ, ಆ ಬಾಗಿಲುಗಳನ್ನು ಹಿಡಿದವನದೇ ಮಾರುಕಟ್ಟೆ. 1886ರಲ್ಲಿ ಗಿನ್ನೆಸ್ ಕಂಪನಿಯು ಷೇರುಪೇಟೆಯಿಂದ 60 ಲಕ್ಷ ಪೌಂಡ್ ಬಂಡವಾಳ ಎತ್ತಿದ ನಂತರ ಇತರ ತಯಾರಕರೂ ಷೇರುಪೇಟೆಯ ದಾರಿ ಹಿಡಿದು, ಬಂದ ಹಣದಿಂದ ಪಬ್ಬುಗಳನ್ನು ಕೊಳ್ಳತೊಡಗಿದರು. (ಗಿನ್ನೆಸ್ ಮಾತ್ರ ಪಬ್ಬು ಕೊಳ್ಳುವ ಗೋಜಿಗೆ ಹೋಗಲಿಲ್ಲವೆಂಬುದು ಕುತೂಹಲದ ಸಂಗತಿ.) ಕೊಳ್ಳಲಾಗದ ಕಡೆ ಪಬ್ಬಿನವನಿಗೆ ಸಾಲ ಕೊಟ್ಟು, ಸಾಲ ತೀರುವವರೆಗೆ ತಮ್ಮ ಬಿಯರನ್ನೇ ಮಾರಬೇಕೆಂದು ಕರಾರು ಬರೆಸಿಕೊಂಡರು. ಮಂಡಿಯವರು ಮುಂಗಡ ಕೊಟ್ಟು ರೈತನ ಬೆಳೆಯನ್ನು ತಮ್ಮಲ್ಲಿಗೇ ತರಿಸಿಕೊಳ್ಳುವ ಕ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಪಬ್ಬುಗಳು ಯಾವುದಾದರೊಂದು ತಯಾರಕನಿಗೆ ಕಟ್ಟುಬಿದ್ದಿದ್ದವು.

ಹಸಿ ಬಾಡಿಗೆ, ಒಣ ಬಾಡಿಗೆ

ಈ ವ್ಯವಸ್ಥೆಯ ಲೆಕ್ಕಾಚಾರವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಕಟ್ಟಡಕ್ಕಾಗಿ ಕೊಡುವ ಬಾಡಿಗೆಯನ್ನು ‘ಒಣ ಬಾಡಿಗೆ’ ಎಂದೂ, ಬಿಯರಿನ ದರದಲ್ಲಿ ಸೇರಿಸಿ ವಸೂಲು ಮಾಡುವ ಹೆಚ್ಚುವರಿ ಮೊತ್ತವನ್ನು ‘ಹಸಿ ಬಾಡಿಗೆ’ ಎಂದೂ ಅಲ್ಲಿನ ವ್ಯಾಪಾರಿಗಳು ಕರೆಯುತ್ತಾರೆ. ಸಿದ್ಧಾಂತ ಸರಳವಾದುದು: ಮಾಲೀಕನು ಒಣ ಬಾಡಿಗೆಯನ್ನು ಕಡಿಮೆ ಇಡುತ್ತಾನೆ, ಬದಲಿಗೆ ಬಿಯರಿಗೆ ಹೆಚ್ಚು ದರ ಹಾಕುತ್ತಾನೆ. ಕೈಯಲ್ಲಿ ಹೆಚ್ಚು ಬಂಡವಾಳವಿಲ್ಲದ ದಂಪತಿಗಳೂ ಇದರಿಂದ ಒಂದು ವ್ಯಾಪಾರವನ್ನು ಆರಂಭಿಸಬಹುದು. ವ್ಯಾಪಾರ ಕುಗ್ಗಿದರೆ ಹಸಿ ಬಾಡಿಗೆಯೂ ತಾನಾಗಿ ಕುಗ್ಗುತ್ತದೆ. ಇದು ನಿಜವಾದ ಅನುಕೂಲವೇ, ಅಲ್ಲಗಳೆಯುವಂತಿಲ್ಲ.

ಒಂದು ಬ್ಯಾರಲ್ಲಿಗೆ 36 ಗ್ಯಾಲನ್, ಅಂದರೆ 288 ಪೈಂಟ್. ಉದಾಹರಣೆಗಾಗಿ, ಕರಾರಿನ ದರವು ಪೇಟೆಯ ದರಕ್ಕಿಂತ ಬ್ಯಾರಲ್ಲಿಗೆ 50 ಪೌಂಡ್ ಹೆಚ್ಚಿದೆ, ವರ್ಷಕ್ಕೆ 200 ಬ್ಯಾರಲ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಹಸಿ ಬಾಡಿಗೆ ವರ್ಷಕ್ಕೆ 10,000 ಪೌಂಡ್ ಆಯಿತು. ಒಣ ಬಾಡಿಗೆಯಲ್ಲಿ ದೊರೆತ ರಿಯಾಯಿತಿ 10,000 ಪೌಂಡಿಗಿಂತ ಹೆಚ್ಚಿದ್ದರೆ ಬಾಡಿಗೆದಾರನಿಗೆ ಲಾಭ, ಕಡಿಮೆಯಿದ್ದರೆ ನಷ್ಟ. ತೊಂದರೆಯೆಂದರೆ, ಸಹಿ ಹಾಕುವಾಗ ಒಣ ಬಾಡಿಗೆ ಮಾತ್ರ ಕಣ್ಣಿಗೆ ಕಾಣುತ್ತದೆ. ಹಸಿ ಬಾಡಿಗೆ ಮುಂದಿನ ದರಪಟ್ಟಿಗಳಲ್ಲಿ ಅಡಗಿರುತ್ತದೆ, ಆ ದರಪಟ್ಟಿಯನ್ನು ಬರೆಯುವವನು ಮಾಲೀಕ.

1980ರ ದಶಕದ ಕೊನೆಗೆ ಆರು ಬೃಹತ್ ಕಂಪನಿಗಳು ಬ್ರಿಟನ್ನಿನ ಬಿಯರ್ ಉತ್ಪಾದನೆಯ ಸುಮಾರು ಮುಕ್ಕಾಲು ಭಾಗವನ್ನು ಹಿಡಿದಿದ್ದವು. ಏಕಸ್ವಾಮ್ಯ ಆಯೋಗದ ವರದಿಯ ಮೇರೆಗೆ 1989ರಲ್ಲಿ ಸರ್ಕಾರವು ‘ಬಿಯರ್ ಆದೇಶ’ಗಳನ್ನು ಹೊರಡಿಸಿ, 2,000ಕ್ಕಿಂತ ಹೆಚ್ಚು ಪಬ್ಬುಗಳುಳ್ಳ ತಯಾರಕರು ಆ ಮಿತಿಗೆ ಮೀರಿದವುಗಳಲ್ಲಿ ಅರ್ಧದಷ್ಟನ್ನು 1992ರ ನವೆಂಬರ್ ಒಳಗೆ ಕಟ್ಟಿನಿಂದ ಬಿಡಿಸಬೇಕೆಂದು ಆಜ್ಞಾಪಿಸಿತು. ಉದ್ದೇಶ ಒಳ್ಳೆಯದೇ. ಆದರೆ ಆದೇಶವು ಬಿಯರ್ ತಯಾರಕರಿಗೆ ಅನ್ವಯವಾಗುತ್ತಿತ್ತೇ ಹೊರತು, ಬಿಯರ್ ತಯಾರಿಸದೆ ಪಬ್ಬುಗಳನ್ನಷ್ಟೇ ಹೊಂದಿರುವ ಕಂಪನಿಗಳಿಗಲ್ಲ. ಎಂಟರ್‌ಪ್ರೈಸ್ ಇನ್ಸ್ (1991), ಪಂಚ್ ಟ್ಯಾವರ್ನ್ಸ್ (1997) ಮೊದಲಾದ ಆಸ್ತಿ ಕಂಪನಿಗಳು ಸಾಲದ ಹಣದಿಂದ ಸಾವಿರಾರು ಪಬ್ಬುಗಳನ್ನು ಕೊಂಡು, ತಯಾರಕರಿಂದ ಭಾರಿ ರಿಯಾಯಿತಿಯಲ್ಲಿ ಬಿಯರ್ ಪಡೆದು, ತಮ್ಮ ಬಾಡಿಗೆದಾರರಿಗೆ ಹೆಚ್ಚಿನ ದರಕ್ಕೆ ಮಾರಿದವು. ಹಗ್ಗ ಹಾಗೆಯೇ ಉಳಿಯಿತು, ಹಿಡಿದ ಕೈ ಮಾತ್ರ ಬದಲಾಯಿತು. ಆದೇಶಗಳನ್ನೇ 2003ರ ವೇಳೆಗೆ ರದ್ದುಗೊಳಿಸಲಾಯಿತು.

ಈ ಅವಧಿಯ ಒಂದು ಮೊಕದ್ದಮೆ ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. 1991ರಲ್ಲಿ ವ್ಯಾಪಾರಿಯೊಬ್ಬನು ಲಂಡನ್ ಸಮೀಪದ ಸ್ಟೇನ್ಸ್ ಎಂಬ ಊರಿನ ಎರಡು ಪಬ್ಬುಗಳನ್ನು 20 ವರ್ಷಗಳ ಗುತ್ತಿಗೆಗೆ ಹಿಡಿದನು. ಕರಾರಿನಂತೆ ಕರೇಜ್ ಕಂಪನಿಯ ಬಿಯರನ್ನೇ ಕೊಳ್ಳಬೇಕು. ಕಟ್ಟಿಲ್ಲದ ಪಬ್ಬುಗಳಿಗೆ ಅದೇ ಕಂಪನಿ ಅದೇ ಬಿಯರನ್ನು ಬಹಳ ಕಡಿಮೆ ದರಕ್ಕೆ ಮಾರುತ್ತಿತ್ತೆಂಬುದು ಅವನ ಅಳಲು. 1993ರಲ್ಲಿ ಅವನ ವ್ಯಾಪಾರ ಮುಳುಗಿತು; 15,266 ಪೌಂಡ್ ಬಿಯರ್ ಬಾಕಿಗಾಗಿ ಕಂಪನಿ ದಾವೆ ಹೂಡಿತು. ಅವನು ಪ್ರತಿದಾವೆ ಹಾಕಿದನು. ಪೈಪೋಟಿಗೆ ಧಕ್ಕೆ ತರುವ ಕರಾರಿಗೆ ಸಹಿ ಹಾಕಿದವನೂ ನಷ್ಟ ಪರಿಹಾರ ಕೇಳಬಹುದೆಂದು 2001ರಲ್ಲಿ ಐರೋಪ್ಯ ನ್ಯಾಯಾಲಯ ಐತಿಹಾಸಿಕ ತೀರ್ಪಿತ್ತಿತು. 2004ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಸುಮಾರು 1,31,000 ಪೌಂಡ್ ಪರಿಹಾರ ಘೋಷಿಸಿತು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಅವನ ಹೋರಾಟದಿಂದ ಸ್ಥಾಪಿತವಾದ ತತ್ತ್ವ ಯುರೋಪಿನಾದ್ಯಂತ ಇತರರಿಗೆ ಉಪಯೋಗಕ್ಕೆ ಬಂತು, ಅವನ ಕೈಗೆ ಮಾತ್ರ ಬಿಡಿಗಾಸೂ ಬರಲಿಲ್ಲ.

ಬಾಡಿಗೆದಾರರ ಕೂಗು ಪಾರ್ಲಿಮೆಂಟನ್ನು ಮುಟ್ಟಲು ಇನ್ನೂ ಕೆಲವು ವರ್ಷ ಹಿಡಿಯಿತು. 2014ರ ನವೆಂಬರ್ 18ರಂದು ಸರ್ಕಾರದ ಇಚ್ಛೆಗೆ ವಿರುದ್ಧವಾಗಿ 284–269 ಮತಗಳಿಂದ ತಿದ್ದುಪಡಿಯೊಂದು ಅಂಗೀಕಾರವಾಯಿತು. ಅದರ ಫಲವಾಗಿ 2016ರ ಜುಲೈ 21ರಂದು ‘ಪಬ್ ಸಂಹಿತೆ’ ಜಾರಿಗೆ ಬಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 500 ಅಥವಾ ಹೆಚ್ಚು ಕಟ್ಟಿನ ಪಬ್ಬುಗಳುಳ್ಳ ಕಂಪನಿಯ ಬಾಡಿಗೆದಾರನು, ಬಾಡಿಗೆ ಪರಿಷ್ಕರಣೆಯಂತಹ ನಿಗದಿತ ಸಂದರ್ಭಗಳಲ್ಲಿ, ಬಿಯರ್ ಕಟ್ಟನ್ನು ಕಳಚಿ ಪೇಟೆಯ ಬಾಡಿಗೆಯನ್ನಷ್ಟೇ ಕೊಡುವ ಆಯ್ಕೆಯನ್ನು ಕೇಳಬಹುದು. ವ್ಯಾಜ್ಯ ತೀರಿಸಲು ಪ್ರತ್ಯೇಕ ನಿರ್ಣಾಯಕರ ಹುದ್ದೆಯೂ ಸೃಷ್ಟಿಯಾಯಿತು. 2020ರಲ್ಲಿ ಆ ನಿರ್ಣಾಯಕರು ಹೈನೆಕೆನ್ ಕಂಪನಿಯ ಪಬ್ ವಿಭಾಗಕ್ಕೆ 20 ಲಕ್ಷ ಪೌಂಡ್ ದಂಡ ವಿಧಿಸಿದರು: ಕಟ್ಟು ಕಳಚಲು ಬಯಸಿದ ಬಾಡಿಗೆದಾರರ ಮೇಲೂ ತನ್ನದೇ ಬಿಯರ್ ಇಡಬೇಕೆಂದು ಮಿತಿಮೀರಿದ ಷರತ್ತು ಹೇರಿತ್ತೆಂಬುದು ಆರೋಪ. 1915ರಲ್ಲಿ ಸ್ಥಾಪಿತವಾದ ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ 2021ರಲ್ಲಿ ಇದೇ ಹೈನೆಕೆನ್ ನಿಯಂತ್ರಣಕ್ಕೆ ಬಂದಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇಷ್ಟಾದರೂ 2000ದ ಸುಮಾರಿಗೆ ಬ್ರಿಟನ್ನಿನಲ್ಲಿ 60,000ದಷ್ಟಿದ್ದ ಪಬ್ಬುಗಳು 2023ರ ವೇಳೆಗೆ ಸುಮಾರು 45,000ಕ್ಕೆ ಇಳಿದವು. ಎಲ್ಲ ದೋಷವನ್ನೂ ಕಟ್ಟಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಸೂಪರ್‌ಮಾರ್ಕೆಟ್ಟುಗಳ ಅಗ್ಗದ ಬಿಯರ್, 2007ರ ಧೂಮಪಾನ ನಿಷೇಧ, ಕೋವಿಡ್ ಕಾಲದ ಬೀಗ, ಇವೂ ಪೆಟ್ಟುಕೊಟ್ಟವು. ಹಳ್ಳಿಗಳಲ್ಲಿ ಇದ್ದ ಒಂದೇ ಪಬ್ಬು ಮುಚ್ಚಿದಾಗ ಜನರು ಬೇರೊಂದು ದಾರಿ ಹುಡುಕಿದರು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಗ್ರಾಮಸ್ಥರು 2003ರಲ್ಲಿ ಸಹಕಾರ ಸಂಘ ರಚಿಸಿ ತಮ್ಮ ‘ಓಲ್ಡ್ ಕ್ರೌನ್’ ಪಬ್ಬನ್ನು ತಾವೇ ಕೊಂಡರು. ಉತ್ತರ ಯಾರ್ಕ್‌ಷೈರಿನ ಹಡ್ಸ್‌ವೆಲ್ ಗ್ರಾಮದ ‘ಜಾರ್ಜ್ ಅಂಡ್ ಡ್ರ್ಯಾಗನ್’ 2008ರಲ್ಲಿ ಮುಚ್ಚಿತ್ತು. ಗ್ರಾಮಸ್ಥರು ಷೇರು ಹಣ ಕೂಡಿಸಿ 2010ರಲ್ಲಿ ಮತ್ತೆ ತೆರೆದರು, ಅದರೊಳಗೆ ಒಂದು ಕಿರಾಣಿ ಅಂಗಡಿಯನ್ನೂ ಪುಸ್ತಕ ಭಂಡಾರವನ್ನೂ ಇಟ್ಟರು. ಅದು 2016ರ ರಾಷ್ಟ್ರೀಯ ಶ್ರೇಷ್ಠ ಪಬ್ ಪ್ರಶಸ್ತಿಯನ್ನು ಪಡೆಯಿತು. ಪಬ್ಬನ್ನು ನಡೆಸುವ ‘ಒಡೆಯ’ ಅಲ್ಲಿಯೂ ಬಾಡಿಗೆದಾರನೇ; ಬಾಡಿಗೆ ಪಡೆಯುವವರು ಮಾತ್ರ ಅವನ ಎದುರಿಗೇ ಕುಳಿತ ಗಿರಾಕಿಗಳು.