ಎರಡೇ ದಿನಗಳ ವಿಶ್ರಾಂತಿ

ಮಕ್ಕಳೇ, ಕ್ರಿಕೆಟ್ ಆಟ ನಿಮಗೆಲ್ಲ ಗೊತ್ತು. ಒಬ್ಬನು ಆರು ಚೆಂಡು ಎಸೆದ ಕೂಡಲೇ ಇನ್ನೊಬ್ಬನ ಸರದಿ ಬರುತ್ತದೆ. ಅಮೆರಿಕದ ಜನರು ಮೆಚ್ಚುವ ಬೇಸ್‌ಬಾಲ್ ಆಟದಲ್ಲಿ ಹಾಗಿಲ್ಲ. ಅಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ಒಂದರ ಹಿಂದೆ ಒಂದರಂತೆ ಎಸೆಯುತ್ತಲೇ ಇರಬೇಕು. ಪಂದ್ಯದ ಕೊನೆಯವರೆಗೂ ನಿಂತರೆ ನೂರಕ್ಕೂ ಹೆಚ್ಚು ಚೆಂಡು ಎಸೆಯಬೇಕಾಗುವುದುಂಟು. ನಡುವೆ ಹೊರಗೆ ಹೋದರೆ ಆ ಪಂದ್ಯಕ್ಕೆ ಮರಳಿ ಬರುವಂತಿಲ್ಲ.

ನೀವು ಒಂದು ದಿನವಿಡೀ ಮಾವಿನ ಮರಕ್ಕೆ ಕಲ್ಲು ಎಸೆದಿದ್ದೀರಾ? ಮರುದಿನ ತೋಳು ಎತ್ತಲು ಆಗುವುದಿಲ್ಲ. ಪಿಚರನ ಪಾಡೂ ಹಾಗೆಯೇ. ಆದ್ದರಿಂದ ಒಂದು ತಂಡದಲ್ಲಿ ಹಲವು ಪಿಚರ್‌ಗಳು ಇರುತ್ತಾರೆ. ಇಂದು ಒಬ್ಬ, ನಾಳೆ ಇನ್ನೊಬ್ಬ, ಹೀಗೆ ಸರದಿ ನಡೆಯುತ್ತದೆ. 1960ರ ದಶಕದಲ್ಲಿ ಒಬ್ಬನಿಗೆ ಎರಡು ಪಂದ್ಯಗಳ ನಡುವೆ ಸಾಮಾನ್ಯವಾಗಿ ಮೂರು ದಿನ ವಿಶ್ರಾಂತಿ ಸಿಗುತ್ತಿತ್ತು.

ಅಮೆರಿಕದ ದೊಡ್ಡ ಪಂದ್ಯಮಾಲೆಗೆ ವರ್ಲ್ಡ್ ಸೀರೀಸ್ ಎಂದು ಹೆಸರು. ಅದರಲ್ಲಿ ಹೆಚ್ಚೆಂದರೆ ಏಳು ಪಂದ್ಯಗಳು. ಮೊದಲು ನಾಲ್ಕು ಗೆದ್ದವರಿಗೆ ಪ್ರಶಸ್ತಿ. 1965ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ಮತ್ತು ಮಿನ್ನೆಸೋಟಾ ಟ್ವಿನ್ಸ್ ಎಂಬ ತಂಡಗಳು ಎದುರಾದವು. ಡಾಜರ್ಸ್ ತಂಡದ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ ಆ ವರ್ಷ 26 ಪಂದ್ಯ ಗೆದ್ದಿದ್ದರು. ಮೊದಲ ಪಂದ್ಯಕ್ಕೆ ಅವರೇ ಬರುವರೆಂದು ಎಲ್ಲರೂ ಎಣಿಸುವುದು ಸಹಜ.

ಆದರೆ ಮೊದಲ ಪಂದ್ಯ ಅಕ್ಟೋಬರ್ 6ರಂದು ಇತ್ತು. ಅದು ಯಹೂದಿಗಳು ಉಪವಾಸವಿದ್ದು ಪ್ರಾರ್ಥಿಸುವ ಯೋಮ್ ಕಿಪ್ಪುರ್ ದಿನ. ಕೋಫ್ಯಾಕ್ಸ್ ಯಹೂದಿಯಾಗಿದ್ದರು. ಆ ದಿನ ಆಡುವುದಿಲ್ಲ ಎಂದರು. ಅವರ ಬದಲು ಡಾನ್ ಡ್ರೈಸ್‌ಡೇಲ್ ಬಂದರು. ಅವರೂ ಸಾಮಾನ್ಯರಲ್ಲ, ಆ ವರ್ಷ 23 ಪಂದ್ಯ ಗೆದ್ದವರು. ಆದರೂ ಡಾಜರ್ಸ್ 8–2ರಿಂದ ಸೋತಿತು. ಮರುದಿನ ಕೋಫ್ಯಾಕ್ಸ್ ಬಂದರು. ಆಗಲೂ 5–1ರಿಂದ ಸೋಲೇ!

ಮುಂದಿನ ಮೂರು ಪಂದ್ಯಗಳು ಲಾಸ್ ಏಂಜಲೀಸ್‌ನಲ್ಲಿ ನಡೆದವು. ಕ್ಲಾಡ್ ಆಸ್ಟೀನ್, ಡ್ರೈಸ್‌ಡೇಲ್, ಕೋಫ್ಯಾಕ್ಸ್ ಒಬ್ಬರ ನಂತರ ಒಬ್ಬರು ಗೆಲ್ಲಿಸಿಕೊಟ್ಟರು. ಆರನೆಯ ಪಂದ್ಯವನ್ನು ಟ್ವಿನ್ಸ್ ತನ್ನ ಊರಿನಲ್ಲಿ ಗೆದ್ದಿತು. ಈಗ ಮೂರು–ಮೂರು. ಅಕ್ಟೋಬರ್ 14ರ ಏಳನೆಯ ಪಂದ್ಯವೇ ಕೊನೆಯ ಮಾತು.

ಪೆನ್ಸಿಲ್ ತೆಗೆದುಕೊಂಡು ಒಂದು ಲೆಕ್ಕ ಮಾಡಿ. ಡ್ರೈಸ್‌ಡೇಲ್ ಆಡಿದ್ದು 6 ಮತ್ತು 10ನೆಯ ತಾರೀಖು. 14ಕ್ಕೆ ಅವರಿಗೆ ಮೂರು ದಿನ ವಿಶ್ರಾಂತಿ ಆಗಿರುತ್ತದೆ. ಕೋಫ್ಯಾಕ್ಸ್ ಆಡಿದ್ದು 7 ಮತ್ತು 11. 14ಕ್ಕೆ ಅವರಿಗೆ ಎರಡೇ ದಿನ. ಕೋಫ್ಯಾಕ್ಸ್ ಮೊದಲ ದಿನವೇ ಆಡಿ, ನಾಲ್ಕನೆಯ ಪಂದ್ಯಕ್ಕೂ ಬಂದಿದ್ದರೆ, ಈ ಮೂರು ದಿನದ ವಿಶ್ರಾಂತಿ ಅವರದಾಗುತ್ತಿತ್ತು. ಒಂದು ದಿನದ ಅದಲುಬದಲು ಎಲ್ಲಿಗೆ ಬಂದು ಮುಟ್ಟಿತು ನೋಡಿದಿರಾ?

ಅಷ್ಟೇ ಅಲ್ಲ. ಕೋಫ್ಯಾಕ್ಸ್ ಅವರ ಎಡ ಮೊಣಕೈಯಲ್ಲಿ ಸಂಧಿವಾತವಿತ್ತು. ಪಂದ್ಯ ಮುಗಿದ ಮೇಲೆ ಅವರು ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ ಕೂರುತ್ತಿದ್ದರು.

ತಂಡದ ಮ್ಯಾನೇಜರ್ ವಾಲ್ಟರ್ ಆಲ್‌ಸ್ಟನ್ ಏನು ಮಾಡಬೇಕು? ಸರದಿ ಡ್ರೈಸ್‌ಡೇಲ್ ಅವರದು. ಅವರ ತೋಳು ದಣಿವಾರಿಸಿಕೊಂಡಿದೆ. ಆದರೆ 11ರಂದು ಕೋಫ್ಯಾಕ್ಸ್ ಎದುರಾಳಿಗೆ ಒಂದು ರನ್ನನ್ನೂ ಕೊಟ್ಟಿರಲಿಲ್ಲ. ನೀವಾಗಿದ್ದರೆ ಯಾರನ್ನು ಕಳುಹಿಸುತ್ತಿದ್ದಿರಿ?

ಆಲ್‌ಸ್ಟನ್ ಕೋಫ್ಯಾಕ್ಸ್ ಅವರನ್ನೇ ಕಳುಹಿಸಿದರು. ಬೇಕಾದರೆ ಸಹಾಯಕ್ಕಿರಲೆಂದು ಡ್ರೈಸ್‌ಡೇಲ್ ಅವರನ್ನು ಸಿದ್ಧವಾಗಿ ಇಟ್ಟುಕೊಂಡರು.

ಆ ದಿನ ಕೋಫ್ಯಾಕ್ಸ್ ಅವರ ಬಾಗುವ ಚೆಂಡು ಹೇಳಿದ ಮಾತು ಕೇಳಲಿಲ್ಲ. ಅವರು ಅದನ್ನು ಬಿಟ್ಟು ವೇಗದ ಚೆಂಡನ್ನೇ ನೆಚ್ಚಿದರು. ನಾಲ್ಕನೆಯ ಇನಿಂಗ್ಸ್‌ನಲ್ಲಿ ಅವರ ತಂಡದ ಲೂ ಜಾನ್ಸನ್ ಹೋಮ್ ರನ್ ಹೊಡೆದರು. ಇನ್ನೊಂದು ರನ್ ಕೂಡ ಬಂತು. 2–0.

ಒಂಬತ್ತನೆಯ, ಕೊನೆಯ ಇನಿಂಗ್ಸ್. ಟ್ವಿನ್ಸ್ ತಂಡದ ಬಲಶಾಲಿ ಹಾರ್ಮನ್ ಕಿಲ್ಲೆಬ್ರೂ ಚೆಂಡು ಹೊಡೆದು ಮೊದಲ ಬೇಸ್ ಮುಟ್ಟಿದರು. ಇನ್ನೊಂದು ಹೋಮ್ ರನ್ ಬಿದ್ದರೆ ಎರಡೂ ತಂಡ ಸಮ! ಆದರೆ ಮುಂದೆ ಬಂದ ಇಬ್ಬರೂ ಚೆಂಡನ್ನು ಹೊಡೆಯಲಾಗದೆ ಔಟಾದರು. ಡಾಜರ್ಸ್ ಗೆದ್ದಿತು. ಡ್ರೈಸ್‌ಡೇಲ್ ಅವರನ್ನು ಕರೆಯಬೇಕಾಗಲೇ ಇಲ್ಲ.

ಕೋಫ್ಯಾಕ್ಸ್ ನೋವನ್ನು ಸಹಿಸಿಕೊಂಡು ಇನ್ನೊಂದು ವರ್ಷ ಆಡಿದರು. 1966ರ ಕೊನೆಯಲ್ಲಿ, ತಮ್ಮ 30ನೆಯ ವಯಸ್ಸಿನಲ್ಲಿ, ಆಟವನ್ನು ಬಿಟ್ಟರು.

ಚರ್ಚಿಸಿರಿ: ತರಗತಿಯಲ್ಲಿ ಎರಡು ಗುಂಪು ಮಾಡಿಕೊಳ್ಳಿರಿ. ಒಂದು ಗುಂಪು ಡ್ರೈಸ್‌ಡೇಲ್ ಅವರನ್ನು ಕಳುಹಿಸಬೇಕಿತ್ತು ಎಂದು ಕಾರಣ ಕೊಟ್ಟು ವಾದಿಸಲಿ. ಇನ್ನೊಂದು ಗುಂಪು ಆಲ್‌ಸ್ಟನ್ ಅವರ ಪರವಾಗಿ ಮಾತನಾಡಲಿ.