ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ

ನನ್ನ ಮಗನ ಬಲಗಾಲು ಮಂಡಿಯ ಕೆಳಗೆ ಇಲ್ಲ. ಈ ಜುಲೈಗೆ ಎರಡು ವರ್ಷ. ಅಂದು ಅವನ ಮೂಳೆ ಮುರಿದಿರಲಿಲ್ಲ, ಹೊರಗೆ ಒಂದು ಹನಿ ರಕ್ತ ಬಿದ್ದಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಿಂದ ಬರುವಾಗ ಮಳೆಯಲ್ಲಿ ಬೈಕು ಜಾರಿ ಮಂಡಿ ಮೋರಿಕಟ್ಟೆಗೆ ಬಡಿಯಿತು. ಸಂಜೆ ಐದೂವರೆ. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ಸರಿ ಇದೆ, ನೋವಿಗೆ ಇಂಜೆಕ್ಷನ್ ಕೊಡ್ತೀನಿ" ಅಂದರು. ಶೂ ಬಿಚ್ಚಿಸಲೇ ಇಲ್ಲ. ಟೇಬಲ್ಲಿನ ಮೇಲೆ ಕೆಸರು ಮೆತ್ತಿದ ಆ ಶೂ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಭಾವ ಅಲ್ಲಿಂದಲೇ ನಾಟಿ ಕಟ್ಟು ಕಟ್ಟುವವರ ಮನೆಗೆ ಕಾರು ತಿರುಗಿಸಿದರು. ಸೊಪ್ಪಿನ ರಸ, ಮೊಟ್ಟೆಯ ಬಿಳಿ ಹಚ್ಚಿ, ಅಡಿಕೆ ದಬ್ಬೆ ಇಟ್ಟು ಬಿಗಿದರು. ನಮ್ಮ ಮನೆಯ ಮೂವರ ಕೈಕಾಲು ಅವರಿಂದಲೇ ಕೂಡಿತ್ತು. ನಾನೂ ಬೇಡ ಅನ್ನಲಿಲ್ಲ.

ರಾತ್ರಿ ಹನ್ನೊಂದಕ್ಕೆ ಪಾದ ಮುಟ್ಟಿದರೆ ತಣ್ಣಗಿತ್ತು. ಮಳೆಯಲ್ಲಿ ನೆನೆದ ಚಳಿ ಅಂದುಕೊಂಡು ಬಿಸಿನೀರಿನ ಚೀಲ ಇಟ್ಟೆ. ಇನ್ನೊಂದು ಪಾದ ಮುಟ್ಟಿ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. "ಅಮ್ಮಾ, ಮಂಡಿಯಲ್ಲ, ಮೀನಖಂಡ ಸಿಡೀತಿದೆ" ಎಂದು ಕೂಗುತ್ತಿದ್ದ. "ಕಟ್ಟು ಹಿಡೀತಿದೆ, ಸಹಿಸ್ಕೋ" ಅಂದರು ಭಾವ. ಎರಡರ ಹೊತ್ತಿಗೆ ಕೂಗು ನಿಂತಿತು. ನೋವು ಇಳಿಯಿತೆಂದು ನಾನು ದೇವರಿಗೆ ಕೈಮುಗಿದೆ. ಚೀಲ ತೆಗೆದರೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆ. ಅವನಿಗೆ ಸುಟ್ಟದ್ದೇ ಗೊತ್ತಾಗಿರಲಿಲ್ಲ. ಪಾದ ಬಾಳೆದಿಂಡಿನ ಬಣ್ಣಕ್ಕೆ ತಿರುಗಿತ್ತು. "ಬೆರಳು ಆಡಿಸು ಮಗಾ" ಅಂದೆ.

"ಆಡಿಸ್ತಾ ಇದೀನಲ್ಲಮ್ಮ" ಅಂದ.

ಒಂದು ಬೆರಳೂ ಅಲುಗುತ್ತಿರಲಿಲ್ಲ.

108ಕ್ಕೆ ಫೋನ್ ಮಾಡಿದೆವು. ಆಗುಂಬೆ ಘಾಟಿಯ 14 ತಿರುವುಗಳನ್ನೂ ಆ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡೇ ಇಳಿದೆ. ಕೆಳಗಿನ ದೊಡ್ಡ ಆಸ್ಪತ್ರೆ ತಲುಪಿದಾಗ ಬೆಳಗಿನ ಐದೂವರೆ. ಅಲ್ಲಿನ ಸರ್ಜನ್ ಮೊದಲು ದಬ್ಬೆ ಕತ್ತರಿಸಿ ಪಾದಕ್ಕೆ ಬೆರಳಿಟ್ಟರು. ನಾಡಿ ಇರಲಿಲ್ಲ.

ಬಿದ್ದಾಗ ಮಂಡಿಯ ಕೀಲು ತಪ್ಪಿ ತಾನಾಗಿಯೇ ಮತ್ತೆ ಕೂತಿತ್ತಂತೆ. ಹಾಗಾಗಿ ಎಕ್ಸ್‌ರೇ ಸರಿಯಾಗಿಯೇ ಕಂಡಿತ್ತು. ಮಂಡಿಯ ಹಿಂದೆ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳವಿದೆ. ಅದು ಮೇಲೆ, ಕೆಳಗೆ ಎರಡೂ ಕಡೆ ಬಿಗಿಯಾಗಿ ಹಿಡಿದಿರುವುದರಿಂದ ಕೀಲು ತಪ್ಪಿದಾಗ ಸರಿಯಲು ಜಾಗವಿಲ್ಲದೆ ಜಗ್ಗಿ, ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಎಡತೊಡೆಯ ರಕ್ತನಾಳ ತೆಗೆದು ಅಲ್ಲಿ ಜೋಡಿಸಿದರು. ಊತದ ಒತ್ತಡ ಇಳಿಸಲು ಮೀನಖಂಡವನ್ನು ಎರಡೂ ಬದಿ ಸೀಳಿದರು. ಸ್ನಾಯು ಆಗಲೇ ಸತ್ತಿತ್ತು. ಐದನೇ ದಿನ ಕಾಲು ತೆಗೆದರು. ಕೊರಿಯಾ ಯುದ್ಧದ ಕಾಲಕ್ಕೇ, ಅಂದರೆ 1950ರ ದಶಕದಲ್ಲೇ, ಇಂಥ ನಾಳ ಜೋಡಿಸಿ ಸೈನಿಕರ ಕಾಲು ಉಳಿಸುತ್ತಿದ್ದರಂತೆ. ಸುಮಾರು 6 ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು. ನಾವು 12 ಗಂಟೆ ಕಳೆದಿದ್ದೆವು.

ಭಾವನ ಮೇಲಿನ ಸಿಟ್ಟು ಇಳಿದಿದೆ, ಅವರು ತಿಳಿಯದೆ ಮಾಡಿದರು. ಆ ಡಾಕ್ಟರನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ಅವರ ಮೇಜಿನ ಮೇಲೆ ಬಿಪಿ ಮಷಿನ್ ಇತ್ತು. ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ 0.9ಕ್ಕಿಂತ ಕಡಿಮೆ ಬಂದರೆ ನಾಳಕ್ಕೆ ಪೆಟ್ಟಾಗಿರಬಹುದೆಂದು ಸ್ಕ್ಯಾನಿಗೆ ಕಳಿಸುತ್ತಾರೆ ಎಂದು ಆಮೇಲೆ ತಿಳಿಯಿತು.

ಮಂಡಿಗೆ ಜೋರು ಪೆಟ್ಟು ಬಿದ್ದರೆ ಶೂ, ಸಾಕ್ಸ್ ಬಿಚ್ಚಿಸಿ. ಎರಡೂ ಪಾದ ಒಟ್ಟಿಗೆ ಮುಟ್ಟಿ. ಒಂದು ತಣ್ಣಗಿದ್ದರೆ, ಬಿಳಿಚಿದ್ದರೆ, ಜೋಮು ಹಿಡಿದಿದ್ದರೆ ಕಟ್ಟು ಬೇಡ, ಶಾಖವಂತೂ ಬೇಡವೇ ಬೇಡ. ರಕ್ತನಾಳದ ಆಪರೇಷನ್ ಮಾಡುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ಆರಂಭದಲ್ಲಿ ಪಾದ ಬೆಚ್ಚಗಿದ್ದರೂ ರಾತ್ರಿಯಿಡೀ ಮತ್ತೆ ಮತ್ತೆ ಮುಟ್ಟಿ ನೋಡುತ್ತಿರಿ. ಡಾಕ್ಟರು ಎಕ್ಸ್‌ರೇ ಸರಿ ಇದೆ ಅಂದಾಗ, "ಪಾದದಲ್ಲಿ ನಾಡಿ ಸಿಗ್ತಿದೆಯಾ?" ಎಂದು ದಯವಿಟ್ಟು ಕೇಳಿ.