ಉದ್ರಿ ಲೆಕ್ಕ ಕಲಿಸಿದ ಪಾಠ: ಬ್ಲ್ಯಾಕ್ ಮತ್ತು ಅದರ ಸೆಟ್ಟಿಂಗ್ ಫೈಲ್

ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ನಾವು ಕನ್ಸಿಸ್ಟೆನ್ಸಿ ಎಂಬ ನಿಯಮ ಓದುತ್ತೇವೆ. ಒಂದು ಪದ್ಧತಿ ಆರಿಸಿಕೊಂಡ ಮೇಲೆ ಅದನ್ನೇ ವರ್ಷದಿಂದ ವರ್ಷಕ್ಕೆ ಪಾಲಿಸಬೇಕು. ಇಲ್ಲದಿದ್ದರೆ ಎರಡು ವರ್ಷದ ಲೆಕ್ಕವನ್ನು ಹೋಲಿಸಿ ನೋಡಲು ಆಗುವುದಿಲ್ಲ. ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಈ ಮಾತು ನನಗೆ ನಿಜವಾಗಿ ಅರ್ಥವಾದದ್ದು ಕಂಪ್ಯೂಟರ್ ಮುಂದೆ ಕುಳಿತಾಗ.

ನನ್ನ ಮಾಮು ಖಾನಾಪುರದಲ್ಲಿ ಹಂಚು, ಮಡಕೆಗಳ ಅಂಗಡಿ ಇಟ್ಟಿದ್ದಾರೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಮಳೆಗಾಲಕ್ಕೆ ಮುಂಚೆ ಜನ ಹಂಚನ್ನು ಉದ್ರಿ ಒಯ್ದು, ಆಮೇಲೆ ಸ್ವಲ್ಪ ಸ್ವಲ್ಪ ಜಮೆ ಮಾಡುತ್ತಾರೆ. ಆ ಲೆಕ್ಕಕ್ಕಾಗಿ ನಾನೂ ಮಾಮುವಿನ ಮಗನೂ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಅವರು ನನಗಿಂತ ದೊಡ್ಡವರು, ಭಾಯಿ ಎನ್ನುತ್ತೇನೆ. ನಾನು ಬೆಳಗಾವಿಯಲ್ಲಿ, ಅವರು ಖಾನಾಪುರದಲ್ಲಿ. ಫೈಲು ವಾಟ್ಸಾಪ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು.

ನಾನು ಸಾಲನ್ನು 4 ಜಾಗ ಬಿಟ್ಟು ಒಳಗೆ ಸರಿಸುತ್ತಿದ್ದೆ, ಭಾಯಿ 2 ಜಾಗ. ನನ್ನ ಸಾಲುಗಳು ಚಿಕ್ಕವು, ಅವರವು ಪರದೆ ದಾಟಿ ಹೋಗುವಷ್ಟು ಉದ್ದ. ಫೈಲು ಬಂದಾಗಲೆಲ್ಲ ನಾನು ಅದನ್ನು ಕೈಯಿಂದ ನನ್ನ ರೀತಿಗೆ ತಿದ್ದುತ್ತಿದ್ದೆ. ಹಾಗೆ ತಿದ್ದುವಾಗ ಒಂದು ದಿನ ಬಾಕಿಯಿಂದ ಜಮೆ ಕಳೆಯುವ ಸಾಲು ನನ್ನ ಕೈತಪ್ಪಿನಿಂದ ಲೂಪಿನ ಹೊರಗೆ ಬಂದುಬಿಟ್ಟಿತು. ಲೂಪಿನಲ್ಲಿ ಜಮೆಯನ್ನು ಪರದೆಗೆ ತೋರಿಸುವ ಇನ್ನೊಂದು ಸಾಲು ಇದ್ದುದರಿಂದ ಪೈಥಾನ್ ಯಾವ ದೋಷವನ್ನೂ ಹೇಳಲಿಲ್ಲ. ಕೊನೆಯ ಜಮೆ ಮಾತ್ರ ಕಳೆಯಿತು.

4,200 ರೂಪಾಯಿಯ ಹಂಚು ಒಯ್ದಿದ್ದ ಅಜ್ಜಿಯೊಬ್ಬರು ಮೂರು ಸಲ 500 ಕೊಟ್ಟಿದ್ದರು. ಬಾಕಿ 2,700 ಇರಬೇಕು. ನಮ್ಮ ಪ್ರೋಗ್ರಾಂ 3,700 ಎಂದು ಚೀಟಿ ಕೊಟ್ಟಿತು. “ಸಾಹೇಬ್ರ, ನಾ ಮೂರು ಸಲ ಕೊಟ್ಟೀನಲ್ರಿ” ಎಂದು ಅಜ್ಜಿ ಎಲ್ಲರೆದುರು ಹೇಳುವಂತಾಯಿತು. ಮಾಮು ತಮ್ಮ ಹಳೆಯ ವಹಿ ತೆಗೆದು ನೋಡಿ ಅಜ್ಜಿಯ ಕ್ಷಮೆ ಕೇಳಿದರು. ನನಗೆ ಫೋನ್ ಮಾಡಿ ಬೈಯಲಿಲ್ಲ. “ಬೇಟಾ, ಇನ್ನೊಬ್ಬರ ಲೆಕ್ಕ ಅಂದ್ರೆ ಅಮಾನತ್” ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ತಪ್ಪು ಹುಡುಕಲು ಹಳೆಯ ಫೈಲನ್ನೂ ಹೊಸ ಫೈಲನ್ನೂ ಹೋಲಿಸಿದೆ. ಹೆಚ್ಚುಕಡಿಮೆ ಎಲ್ಲ ಸಾಲುಗಳೂ ಬದಲಾದಂತೆ ಕಂಡವು. ಬರೀ ಜಾಗ ಬದಲಾದ ಸಾಲು ಯಾವುದು, ಅರ್ಥವೇ ಬದಲಾದ ಸಾಲು ಯಾವುದು ಎಂದು ತಿಳಿಯಲು ಒಂದು ಸಂಜೆ ಬೇಕಾಯಿತು. ಇಂಜಿನಿಯರಿಂಗ್ ಓದುವ ನಮ್ಮ ಆಪಾ ಇದನ್ನು ಕೇಳಿ, “ಇಬ್ಬರೂ ಬ್ಲ್ಯಾಕ್ ಹಾಕಿಕೊಳ್ಳಿ” ಎಂದರು.

ಬ್ಲ್ಯಾಕ್ ಎಂದರೇನು?

ಪೈಥಾನ್ ಕೋಡನ್ನು ಒಂದೇ ಶೈಲಿಗೆ ತರುವ ಉಚಿತ ಉಪಕರಣ. ಲೂಕಾಶ್ ಲಾಂಗಾ ಎಂಬವರು 2018ರಲ್ಲಿ ಹೊರತಂದರು. ಇದಕ್ಕೆ ಬಟನ್ನುಗಳಿಲ್ಲ, ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ ಆಜ್ಞೆ ಹೊಡೆಯಬೇಕು. (ಇಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ.)

ಹಾಕಿಕೊಳ್ಳಲು: ಪಿಪ್ ಇನ್‌ಸ್ಟಾಲ್ ಬ್ಲ್ಯಾಕ್

ಒಳಸರಿತಕ್ಕೆ ಬ್ಲ್ಯಾಕ್ ಯಾವಾಗಲೂ 4 ಜಾಗ ಬಿಡುತ್ತದೆ; ಅದನ್ನು ಬದಲಿಸಲು ಅವಕಾಶವೇ ಇಲ್ಲ. ಬದಲಿಸಬಹುದಾದ ಸಂಗತಿಗಳು ಕೆಲವೇ. ಅವನ್ನು ಪ್ರತಿಸಲ ಆಜ್ಞೆಯ ಜೊತೆ ಹೊಡೆಯುವ ಬದಲು ಒಂದು ಫೈಲಿನಲ್ಲಿ ಬರೆದಿಡಬಹುದು.

ಸೆಟ್ಟಿಂಗ್ ಫೈಲ್

ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಪೈಪ್ರಾಜೆಕ್ಟ್.ಟಾಮ್ಲ್ ಎಂಬ ಫೈಲು ಮಾಡಿ, ಇಷ್ಟು ಬರೆಯಿರಿ:

[ಟೂಲ್.ಬ್ಲ್ಯಾಕ್]
ಲೈನ್-ಲೆಂಗ್ತ್ = 79
ಸ್ಕಿಪ್-ಸ್ಟ್ರಿಂಗ್-ನಾರ್ಮಲೈಸೇಶನ್ = ಟ್ರೂ
ರಿಕ್ವೈರ್ಡ್-ವರ್ಷನ್ = "25"

ಮೊದಲ ಸಾಲು, ಕೆಳಗಿನದೆಲ್ಲ ಬ್ಲ್ಯಾಕ್‌ಗೆ ಸೇರಿದ್ದು ಎಂದು ಹೇಳುತ್ತದೆ. ಎರಡನೆಯದು ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಎಂಬುದು. ಹೇಳದಿದ್ದರೆ ಬ್ಲ್ಯಾಕ್ 88 ಹಿಡಿಯುತ್ತದೆ. ಪೈಥಾನ್‌ನ ಶೈಲಿ ಕೈಪಿಡಿ ಪೆಪ್ 8 ಹೇಳುವುದು 79. ಮೂರನೆಯದು, ನಾವು ಹಾಕಿದ ಒಂಟಿ ಉದ್ಧರಣ ಚಿಹ್ನೆಯನ್ನು ಜೋಡಿಯಾಗಿ ಬದಲಿಸಬೇಡ ಎಂಬ ಸೂಚನೆ. ನಾಲ್ಕನೆಯದು ಆವೃತ್ತಿ: ಒಂದು ಕ್ಯಾಲೆಂಡರ್ ವರ್ಷದೊಳಗೆ ಬ್ಲ್ಯಾಕ್ ತನ್ನ ಶೈಲಿ ಬದಲಿಸುವುದಿಲ್ಲ, ಹೊಸ ವರ್ಷದಲ್ಲಿ ಬದಲಿಸಬಹುದು. ಇಬ್ಬರ ಹತ್ತಿರವೂ ಒಂದೇ ವರ್ಷದ್ದು ಇರಲಿ ಎಂದು ಈ ಸಾಲು. ನಿಮ್ಮಲ್ಲಿರುವ ಆವೃತ್ತಿಯ ಮೊದಲ ಸಂಖ್ಯೆಯನ್ನು ಹಾಕಿ.

ಆಮೇಲೆ ಅದೇ ಫೋಲ್ಡರಿನಲ್ಲಿ ‘ಬ್ಲ್ಯಾಕ್’, ಒಂದು ಜಾಗ, ಒಂದು ಚುಕ್ಕೆ ಹೊಡೆದರೆ ಎಲ್ಲ ಪೈಥಾನ್ ಫೈಲುಗಳೂ ಸರಿಯಾಗುತ್ತವೆ. ಮೊದಲ ಸಲ ಭಯವಾದರೆ ಜೊತೆಗೆ --ಡಿಫ್ ಸೇರಿಸಿ. ಏನು ಬದಲಾಗಲಿದೆ ಎಂದು ತೋರಿಸುತ್ತದೆ, ಫೈಲನ್ನು ಮುಟ್ಟುವುದಿಲ್ಲ.

ನಾನು ಎಡವಿದ ಜಾಗಗಳು

1. ನೋಟ್‌ಪ್ಯಾಡಿನಲ್ಲಿ ಉಳಿಸಿದಾಗ ಫೈಲಿನ ಹೆಸರಿನ ಕೊನೆಗೆ ಗೊತ್ತಾಗದಂತೆ ‘.ಟಿಎಕ್ಸ್‌ಟಿ’ ಸೇರಿಕೊಂಡಿತ್ತು. ಬ್ಲ್ಯಾಕ್ ದೂರು ಹೇಳಲಿಲ್ಲ, ಸುಮ್ಮನೆ 88ನ್ನೇ ಹಿಡಿಯಿತು. ಉಳಿಸುವಾಗ ‘ಆಲ್ ಫೈಲ್ಸ್’ ಆರಿಸಿ. ಆಜ್ಞೆಗೆ -ವಿ ಸೇರಿಸಿದರೆ ಬ್ಲ್ಯಾಕ್ ಸೆಟ್ಟಿಂಗನ್ನು ಎಲ್ಲಿಂದ ಓದಿತು ಎಂದು ಹೇಳುತ್ತದೆ.

2. ಪೈಥಾನ್‌ನಲ್ಲಿ ಟ್ರೂ ದೊಡ್ಡಕ್ಷರದಿಂದ ಶುರುವಾಗುತ್ತದೆ. ಟಾಮ್ಲ್ ಫೈಲಿನಲ್ಲಿ ಪೂರ್ತಿ ಸಣ್ಣಕ್ಷರವೇ ಆಗಬೇಕು.

3. ಆಜ್ಞೆಯ ಜೊತೆ ಹೊಡೆದ ಸೆಟ್ಟಿಂಗ್, ಫೈಲಿನಲ್ಲಿರುವುದನ್ನು ಮೀರುತ್ತದೆ. ಭಾಯಿ ಹಳೆಯ ರೂಢಿಯಂತೆ ಲೈನ್-ಲೆಂಗ್ತ್ 100 ಎಂದು ಹೊಡೆದು, ಮತ್ತೆ ಅದೇ ಗೊಂದಲ. ಈಗ ನಮ್ಮ ಒಪ್ಪಂದ: ಬದಲಿಸುವುದಿದ್ದರೆ ಫೈಲಿನಲ್ಲಿ, ಇಬ್ಬರೂ ಒಪ್ಪಿದ ಮೇಲೆ.

4. ಮಡಕೆಗಳ ಅಳತೆ, ದರದ ಪಟ್ಟಿಯನ್ನು ನಾವು ಕಂಬಸಾಲಾಗಿ ಜೋಡಿಸಿದ್ದೆವು. ಬ್ಲ್ಯಾಕ್ ಆ ಜಾಗಗಳನ್ನೆಲ್ಲ ಕುಗ್ಗಿಸಿತು. ಅಂಥ ಪಟ್ಟಿಯ ಮೇಲೆ ‘# ಎಫ್ಎಂಟಿ: ಆಫ್’, ಕೆಳಗೆ ‘# ಎಫ್ಎಂಟಿ: ಆನ್’ ಬರೆದರೆ ಅದು ಹಾಗೇ ಉಳಿಯುತ್ತದೆ.

ಬ್ಲ್ಯಾಕ್ ಮಾಡದ ಕೆಲಸ

ಇದನ್ನು ಮರೆಯಬೇಡಿ: ಬ್ಲ್ಯಾಕ್ ನಮ್ಮ ತಪ್ಪನ್ನು ತಿದ್ದುವುದಿಲ್ಲ. ಕೋಡಿನ ಅರ್ಥ ಬದಲಾಗಬಾರದು ಎಂಬುದೇ ಅದರ ನಿಯಮ. ತಿದ್ದಿದ ಮೇಲೆ ತಾನೇ ತಾಳೆ ನೋಡುತ್ತದೆ. ಲೂಪಿನ ಹೊರಗೆ ಬಿದ್ದ ಸಾಲನ್ನು ಅದು ಹೊರಗೇ, ಅಂದವಾಗಿ ಇಡುತ್ತದೆ. ಜರ್ನಲ್‌ನಲ್ಲಿ ಗೆರೆಗಳು ನೇರವಾಗಿದ್ದ ಮಾತ್ರಕ್ಕೆ ಡೆಬಿಟ್, ಕ್ರೆಡಿಟ್ ಸರಿ ಎಂದಲ್ಲವಲ್ಲ, ಹಾಗೆ.

ಹಾಗಾದರೆ ಲಾಭವೇನು? ಇಬ್ಬರ ಫೈಲೂ ಒಂದೇ ರೂಪದಲ್ಲಿದ್ದರೆ, ಹೋಲಿಸಿದಾಗ ಕಾಣುವ ಬದಲಾವಣೆ ಬಹುಮಟ್ಟಿಗೆ ನಿಜವಾದ ಬದಲಾವಣೆಯೇ. ಹಿಂದಿನ ಫೈಲನ್ನೂ ತಪ್ಪಾದ ಫೈಲನ್ನೂ ಬ್ಲ್ಯಾಕ್‌ನಿಂದ ಹಾಯಿಸಿ ಮತ್ತೆ ಹೋಲಿಸಿದೆ. ಜಮೆ ಕಳೆಯುವ ಆ ಒಂದೇ ಸಾಲು ಎದ್ದು ಕಂಡಿತು. ಒಂದು ಸಂಜೆಯ ಕೆಲಸ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು; ಅದಕ್ಕಿಂತ ಹೆಚ್ಚಾಗಿ, ಫೈಲನ್ನು ಭಾಯಿಗೆ ಕಳಿಸುವ ಮುಂಚೆಯೇ ನಾನು ನೋಡಬಹುದಿತ್ತು.

ಗೆಳೆಯರೇ, ಇಬ್ಬರು ಸೇರಿ ಪ್ರಾಜೆಕ್ಟ್ ಮಾಡುವವರು ಮೊದಲ ದಿನವೇ ಈ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಕೈಯಿಂದ ಜಾಗ ತಿದ್ದಬೇಡಿ. ಕಳಿಸುವ ಮುಂಚೆ ಹಳೆಯದರ ಜೊತೆ ಹೋಲಿಸಿ ನೋಡಿ.

ಮುಂದಿನ ಭಾನುವಾರ ನಾನು ರೈಲಿನಲ್ಲಿ ಖಾನಾಪುರಕ್ಕೆ ಹೋದೆ. 2,700ರ ಸರಿಯಾದ ಚೀಟಿಯನ್ನು ಅಜ್ಜಿಯ ಮನೆಗೆ ನಾನೇ ಒಯ್ದು ಕೊಟ್ಟೆ. ಅವರು ಚಹಾ ಕುಡಿಸಿ ಕಳಿಸಿದರು. ಮಾಮು ಈಗಲೂ ವಹಿ ಬರೆಯುವುದನ್ನು ಬಿಟ್ಟಿಲ್ಲ. ಬಿಡಿ ಎಂದು ನಾವೂ ಹೇಳಿಲ್ಲ.